ಕೆರೆಯೊಂದು, ಶಾಸ್ತ್ರಗಳು ಹಲವು

ಒಂದು ಶಾಸ್ತ್ರವನ್ನಾದರೂ ಆಮೂಲಾಗ್ರವಾಗಿ ವ್ಯಾಸಂಗಮಾಡದೆ ಹತ್ತಾರು ವಿಷಯಗಳಲ್ಲಿ ಕೈಯಾಡಿಸುವವನನ್ನು ನಮ್ಮ ಪಂಡಿತರು ಪಲ್ಲವಗ್ರಾಹಿಯೆಂದು ಕರೆದಿರುವರು. ಬೇರನ್ನು ಬಿಟ್ಟು ಚಿಗುರನ್ನು ಮಾತ್ರ ಚಿವುಟಿಕೊಂಡವನೆಂಬುದು ಇದರ ಭಾವವು. ಈ ನಿಂದೆಯು ಅನೇಕರ ವಿಷಯದಲ್ಲಿ ಯುಕ್ತವೇ ಸರಿ. ಆದರೆ ಈ ನಿಂದೆಗೆ ಅಂಜಿ, ಸಾಹಿತ್ಯವನ್ನೋದಿದವರು ರಸಾಯನಶಾಸ್ತ್ರವೆಂದರೆ ದೂರ ಸರಿಯುವುದೂ, ವಿಜ್ಞಾನವನ್ನೋದಿದವರು ಶಾಸನಗಳ ಕಡೆಗೆ ತಿರುಗಿಯೂ ನೋಡದಿರುವುದೂ ಯುಕ್ತವೇ? ಇದಕ್ಕೆ ಉತ್ತರವನ್ನು ನಮ್ಮ ಸೀಮೆಯ ಚರಿತ್ರೆಯಲ್ಲಿಯೇ ಹುಡುಕಬಹುದಾಗಿದೆ.

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ ದೇವರಾಯಸಮುದ್ರವೆಂಬ ಗ್ರಾಮವಿದೆ. ಹೆಸರನ್ನು ಬಿಡಿಸಿದರೆ ಷಷ್ಠೀತತ್ಪುರುಷ ಸಮಾಸ: ದೇವರಾಯನ ಸಮುದ್ರ. ದೇವರಾಯನೆಂಬುದು ವಿಜಯನಗರದ ಅರಸರ ಹೆಸರು; ಸಮುದ್ರವೆಂಬುದು ದೊಡ್ಡ ಕೆರೆಗೆ ನಮ್ಮ ಹಿರಿಯರು ಇಟ್ಟ ಹೆಸರು. ವರ್ಷವೆಲ್ಲ ಹರಿಯುವ ಹೊಳೆ ಈ ಜಿಲ್ಲೆಯಲ್ಲಿಲ್ಲ. ಸುರಿದ ಮಳೆಯನ್ನು ಏರಿ ಕಟ್ಟಿ ನಿಲ್ಲಿಸಿ, ತೂಬಿನಿಂದ ಗದ್ದೆಗೆ ಬಿಟ್ಟು, ಮಿಕ್ಕದ್ದು ಕೋಡಿ ಹರಿದು ಕೆಳಗಿನ ಕೆರೆಯನ್ನು ಸೇರುವಂತೆ ಮಾಡಿದುದರಿಂದಲೇ ಇಲ್ಲಿಯ ಜನ ಬಾಳಿದರು. ಆದುದರಿಂದ ಈ ನಾಡಿನಲ್ಲಿ ಕೆರೆ ಕಟ್ಟುವುದು ಪುಣ್ಯಕಾರ್ಯವಾಗಿದ್ದಂತೆ ವಿದ್ಯೆಯೂ ಆಗಿದ್ದಿತು.

ಆ ವಿದ್ಯೆಯ ಸ್ವರೂಪವೇನೆಂಬುದನ್ನು ವಿಜಯನಗರದ ಕಾಲದ ಒಂದು ಸಂಸ್ಕೃತ ಶಾಸನವು ಚೆನ್ನಾಗಿ ತಿಳಿಸುತ್ತದೆ. ಅದು ನೆರೆಯ ಆಂಧ್ರದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿರುವುದು, ಕಾಲ 1369. ಬುಕ್ಕರಾಯನ ಮಗನಾದ ಭಾಸ್ಕರನು ಅಲ್ಲಿ ಕೆರೆಯನ್ನು ಕಟ್ಟಿಸಿದನು. ಸಾವಿರ ಮಂದಿ ಕೂಲಿಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದರೆಂದು ಶಾಸನದ ಹೇಳಿಕೆ. ಒಳ್ಳೆಯ ಕೆರೆಗೆ ಹನ್ನೆರಡು ಸಾಧನಗಳು ಬೇಕೆಂದೂ ಆರು ದೋಷಗಳಿರಬಾರದೆಂದೂ ಅದರಲ್ಲಿ ಎಣಿಸಿದೆ. ಧರ್ಮಿಷ್ಠನಾದ ಅರಸು ಬೇಕು. ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸ ಬೇಕು. ಗಟ್ಟಿಮಣ್ಣಿನ ನೆಲ, ಸಿಹಿನೀರಿನ ಹೊಳೆ, ಉದ್ದನೆಯ ಕಲ್ಲು ದೊರೆಯುವ ಗಣಿ, ನಿಪುಣರಾದ ಕೆಲಸಗಾರರು, ಇವೆಲ್ಲ ಬೇಕು. ಏರಿಯಿಂದ ನೀರು ಜಿನುಗುವುದು, ಉಪ್ಪುನೆಲ, ಕೆರೆಯ ನಡುವೆ ದಿಬ್ಬ, ನೀರು ಅಲ್ಪವಾಗಿ ಅಚ್ಚುಕಟ್ಟು ಅಧಿಕವಾಗಿರುವುದು, ಇವು ದೋಷಗಳು. ಎರಡು ರಾಜ್ಯಗಳ ಎಲ್ಲೆಯಲ್ಲಿ ಕೆರೆಯಿರುವುದೂ ಒಂದು ದೋಷವೇ! ವಾಚಕರು ಈ ಕೊನೆಯದನ್ನು ಗಮನಿಸಬೇಕು. ಭೂಗುಣ, ಶಿಲ್ಪ, ಗಣಿತಗಳ ಜತೆಯಲ್ಲಿ ರಾಜನೀತಿಯೂ ಒಂದೇ ಪಟ್ಟಿಯಲ್ಲಿ ಕುಳಿತಿದೆ. ಕೆರೆಯು ಹಲವು ಶಾಸ್ತ್ರಗಳನ್ನು ಬೇಡುವುದರಿಂದ ಬರೆದವನು ಹಲವನ್ನು ಹೇಳಬೇಕಾಯಿತು.

ಕನ್ನಡದಲ್ಲಿ ಈ ಮಾರ್ಗವು ಇನ್ನೂ ಹಳೆಯದು. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಜ್ಯೋತಿಷ, ವಾಸ್ತು, ಅಂತರ್ಜಲವನ್ನು ಕಂಡುಹಿಡಿಯುವ ಬಗೆ, ವೃಕ್ಷಾಯುರ್ವೇದ, ಪಾಕಶಾಸ್ತ್ರ, ವೈದ್ಯ ಮೊದಲಾದವುಗಳು ಒಟ್ಟಿಗೆ ಬಂದಿವೆ. ಗೃಹಸ್ಥನಿಗೆ ಯಾವುದು ಬೇಕೋ ಅದು ಗ್ರಂಥಕ್ಕೂ ಬೇಕೆಂಬುದು ಆತನ ಮತವಾಗಿದ್ದಿರಬೇಕು. ಇಮ್ಮಡಿ ದೇವರಾಯನ ಕಾಲದಲ್ಲಿ (1424–1446) ಮುಳಬಾಗಿಲ ಸೀಮೆಯನ್ನಾಳಿದ ಲಕ್ಕಣ್ಣ ದಂಡನಾಯಕನು, ದಂಡಿನ ಕಾರ್ಯಭಾರದ ನಡುವೆಯೂ, ಶೈವಸಂಪ್ರದಾಯದ ವಿಶ್ವಕೋಶದಂತಿರುವ ‘ಶಿವತತ್ತ್ವಚಿಂತಾಮಣಿ’ಯನ್ನು ಬರೆದನು.

ಅದೇ ಮುಳಬಾಗಿಲಲ್ಲಿ 1887ರ ಮಾರ್ಚಿ 17ರಂದು ಡಿ. ವಿ. ಗುಂಡಪ್ಪನವರು ಜನಿಸಿದರು. ಅವರು ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟಲಿಲ್ಲ. ಜೀವನಾರ್ಥವಾಗಿ ಚಿನ್ನದ ಗಣಿಯ ಊರಿನ ಸೋಡಾ ಕಾರ್ಖಾನೆಯಲ್ಲಿಯೂ, ಬೆಂಗಳೂರಿನಲ್ಲಿ ಜಟಕಾಗಾಡಿಗಳಿಗೆ ಬಣ್ಣ ಬಳಿಯುವ ಅಂಗಡಿಯಲ್ಲಿಯೂ ಕೆಲಸಮಾಡಿದರು. ಹಾನಗಲ್ ವಿರೂಪಾಕ್ಷಶಾಸ್ತ್ರಿಗಳಂತಹ ವಿದ್ವಾಂಸರ ಬಳಿ ವೇದಾಂತವನ್ನು ಕೇಳಿದರು. ರಾಜ್ಯಶಾಸ್ತ್ರ, ಪತ್ರಿಕಾವೃತ್ತಿ, ಕಾವ್ಯ, ಜೀವನಚರಿತ್ರೆಗಳಲ್ಲೆಲ್ಲ ಅವರ ಲೇಖನಿ ಸಂಚರಿಸಿತು. ಇಷ್ಟು ವೈವಿಧ್ಯವಿದ್ದರೂ ಅವರು ಪಲ್ಲವಗ್ರಾಹಿಯಲ್ಲ. ಪ್ರಜೆಯು ವಿವೇಕಿಯಾಗದೆ ರಾಜ್ಯವು ಚೆನ್ನಾಗಿರದೆಂಬ ಒಂದೇ ಚಿಂತೆಯು ಎಲ್ಲಕ್ಕೂ ಬೇರಾಗಿದ್ದಿತು. 1945ರಲ್ಲಿ ಅವರು ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯೂ ಆ ಬೇರಿನದೇ ಚಿಗುರು. ಅವರ ಹಿರಿಯ ಸಮಕಾಲೀನರಾದ ಬೆಳ್ಳಾವೆ ವೆಂಕಟನಾರಣಪ್ಪನವರದೂ ಇಂತಹದೇ ನಿದರ್ಶನ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಿದ ಅವರು 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಅವರು ಸಂಪಾದಿಸಿದ ಪಂಪಭಾರತವು 1931ರಲ್ಲಿ ಸಾಹಿತ್ಯ ಪರಿಷತ್ತಿನಿಂದ ಪ್ರಕಟವಾಯಿತು.

ಇವೆಲ್ಲ ಗತಕಾಲದ ಮಹನೀಯರ ಮಾತಾಯಿತು, ಇಂದಿನ ಗೃಹಸ್ಥನಿಗೆ ಇದರಿಂದೇನು ಎಂದು ಯಾರಾದರೂ ಕೇಳಬಹುದು. ನಮ್ಮ ಜಿಲ್ಲೆಯ ಕೆರೆಗಳೇ ಇದಕ್ಕೆ ಉತ್ತರ ಹೇಳುತ್ತಿವೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯಂತೆ ಬೆಂಗಳೂರಿನ ಕೊಳಚೆನೀರನ್ನು ಶುದ್ಧಿಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಬಿಡಲಾಗುತ್ತಿದೆ. ದಿನಕ್ಕೆ 44 ಕೋಟಿ ಲೀಟರು ನೀರು, 126 ಕೆರೆಗಳು, ಇದು ಮೊದಲು ಹಾಕಿಕೊಂಡ ಗುರಿ. ಬರಿದಾಗಿದ್ದ ಕೆರೆಗಳು ತುಂಬಿದುದಕ್ಕೆ ರೈತರು ಸಂತೋಷಪಟ್ಟರು. ಆದರೆ ಎರಡು ಹಂತಗಳ ಶುದ್ಧಿಯು ಸಾಲದು, ಮೂರನೆಯ ಹಂತವೂ ಬೇಕೆಂದು ಮತ್ತೆ ಕೆಲವರು ವಾದಿಸಿದರು. ವ್ಯಾಜ್ಯವು ಉಚ್ಚ ನ್ಯಾಯಾಲಯವನ್ನೂ ಸರ್ವೋಚ್ಚ ನ್ಯಾಯಾಲಯವನ್ನೂ ಕಂಡಿತು. ಈ ನೀರು ಗದ್ದೆಗೆ ಹಿತವೇ? ನೆಲದೊಳಕ್ಕೆ ಇಂಗಿ ಕೊಳವೆಬಾವಿಯನ್ನು ಸೇರಿದಾಗ ಕುಡಿಯುವವರಿಗೆ ಹಿತವೇ? ಹೀಗೆ ಕೇಳುವವನಿಗೆ ಸ್ವಲ್ಪ ರಸಾಯನಶಾಸ್ತ್ರ ಬೇಕು, ಸ್ವಲ್ಪ ಭೂವಿಜ್ಞಾನ ಬೇಕು, ಸ್ವಲ್ಪ ನ್ಯಾಯಶಾಸನ ಬೇಕು, ಕೆರೆಯ ಪೂರ್ವಚರಿತ್ರೆಯೂ ಬೇಕು. ಇವುಗಳಲ್ಲಿ ಯಾವುದನ್ನೂ ಅರಿಯದವನು ಯಾರು ಗಟ್ಟಿಯಾಗಿ ಹೇಳುವರೋ ಅವರನ್ನು ನಂಬಬೇಕಾಗುವುದು. ಕುಡಿಯುವ ನೀರಿನ ವಿಷಯದಲ್ಲಿ ಅಂತಹ ನಂಬಿಕೆಯು ಕ್ಷೇಮವಲ್ಲ.

ಜಿಜ್ಞಾಸೆಯೆಂಬ ಪದಕ್ಕೆ ತಿಳಿಯಬೇಕೆಂಬ ಇಚ್ಛೆಯೆಂದು ವ್ಯಾಕರಣವು ಅರ್ಥ ಹೇಳುವುದು. ಇಂತಹ ಶಾಸ್ತ್ರವನ್ನೇ ತಿಳಿಯಬೇಕೆಂಬ ಕಟ್ಟು ಆ ಪದದಲ್ಲಿಲ್ಲ. ಕೆರೆಗೆ ನೀರು ಹತ್ತು ಕಾಲುವೆಗಳಿಂದ ಬಂದರೆ ಬಾಧಕವಿಲ್ಲ, ಏರಿಯೊಂದು ಭದ್ರವಾಗಿರಬೇಕು. ಏರಿಯಿಲ್ಲದಿದ್ದರೆ ಬಂದದ್ದೆಲ್ಲ ಹರಿದುಹೋಗುವುದು. ಕಾಲುವೆಗಳಿಲ್ಲದಿದ್ದರೆ ಏರಿಯ ಹಿಂದೆ ಬರಿಯ ಹೂಳು ಉಳಿಯುವುದು. ನಮ್ಮ ಮನೆಗಳ ಬಾಲಕ ಬಾಲಿಕೆಯರು ತಮ್ಮೂರಿನ ಕೆರೆಯ ಏರಿಯ ಮೇಲೆ ನಿಂತು, ಇದನ್ನು ಕಟ್ಟಿದವರಾರು, ಈ ನೀರು ಎಲ್ಲಿಂದ ಬಂದಿತು, ಇದರಲ್ಲಿ ಏನೇನಿದೆ ಎಂದು ಕೇಳುವಂತಾದರೆ ಅವರ ವಿದ್ಯಾರಂಭವು ಸರಿಯಾಗಿ ಆಯಿತೆಂದು ತಿಳಿಯಬಹುದು.