ಡಿಜಾಕ್ಸಿನ್–ಕ್ವಿನಿಡಿನ್ ಘರ್ಷಣೆ

ಹೃದಯದ ಹಳೆಯ ಔಷಧಗಳಾದ ಡಿಜಾಕ್ಸಿನ್ ಮತ್ತು ಕ್ವಿನಿಡಿನ್ ಒಟ್ಟಿಗೆ ದೇಹ ಸೇರಿದರೆ ರಕ್ತದಲ್ಲಿ ಡಿಜಾಕ್ಸಿನ್ ಮಟ್ಟ ಏರಿ ವಿಷವಾಗಬಹುದು. ವೈದ್ಯರು ದಶಕಗಳ ಕಾಲ ಇವೆರಡನ್ನೂ ಜೊತೆಯಾಗಿಯೇ ಬರೆದುಕೊಟ್ಟರು. ಅಪಾಯ ಸ್ಪಷ್ಟವಾಗಿ ದಾಖಲಾದದ್ದು 1978ರಲ್ಲಿ.

ಎರಡೂ ಗಿಡಮೂಲದವು. ಇಂಗ್ಲೆಂಡಿನ ವಿಲಿಯಂ ವಿದರಿಂಗ್ 1785ರಲ್ಲೇ ಫಾಕ್ಸ್‌ಗ್ಲೋವ್ ಎಲೆಯ ಬಗ್ಗೆ ಪುಸ್ತಕ ಬರೆದರು: ಅದು ಮೈಬಾವು ಇಳಿಸುತ್ತದೆ, ಪ್ರಮಾಣ ಮೀರಿದರೆ ವಾಂತಿಯಾಗುತ್ತದೆ, ಕಂಡದ್ದೆಲ್ಲ ಹಳದಿ-ಹಸಿರಾಗುತ್ತದೆ, ನಾಡಿ ನಿಮಿಷಕ್ಕೆ 35ಕ್ಕೂ ಕುಸಿಯಬಹುದು. ಅದೇ ಕುಲದ ಇನ್ನೊಂದು ಗಿಡದಿಂದ ಸಿಡ್ನಿ ಸ್ಮಿತ್ 1930ರಲ್ಲಿ ಡಿಜಾಕ್ಸಿನ್ ಬೇರ್ಪಡಿಸಿದರು.

ಕ್ವಿನಿಡಿನ್ ಕಥೆಯಲ್ಲಿ ರೋಗಿಯೇ ಗುರು. 1912ರಲ್ಲಿ ಡಚ್ ವ್ಯಾಪಾರಿಯೊಬ್ಬ ನಾಡಿಯ ಲಯ ತಪ್ಪಿದೆಯೆಂದು ವೈದ್ಯ ಕಾರೆಲ್ ವೆಂಕೆಬಾಖ್ ಬಳಿ ಬಂದ. ಇದನ್ನು ಸರಿಪಡಿಸುವುದು ಕಷ್ಟ ಎಂದರು ವೈದ್ಯರು. ನಾಳೆ ಬೆಳಿಗ್ಗೆ ಸರಿಯಾದ ನಾಡಿಯೊಂದಿಗೇ ಬರುತ್ತೇನೆ ಎಂದು ಹೋದವನು ಹಾಗೆಯೇ ಬಂದ! ಮಲೇರಿಯಾ ಮದ್ದಾದ ಕ್ವಿನೈನನ್ನು ಒಂದು ಗ್ರಾಂ ನುಂಗಿದ್ದನಷ್ಟೆ. ಕ್ವಿನೈನ್ ಸಿಗುವ ಸಿಂಕೋನಾ ತೊಗಟೆಯಲ್ಲೇ ಇರುವ ಕ್ವಿನಿಡಿನ್ ಇನ್ನೂ ಪ್ರಬಲವೆಂದು 1918ರಲ್ಲಿ ವಾಲ್ಟರ್ ಫ್ರೈ ತೋರಿಸಿದರು.

ಲಯ ತಪ್ಪುವ ಈ ಕಾಯಿಲೆಗೆ, ಅಂದರೆ ಹೃತ್ಕರ್ಣ ಕಂಪನಕ್ಕೆ, ಈ ಜೋಡಿ ಹೇಳಿಮಾಡಿಸಿದಂತಿತ್ತು. ಬಡಿತದ ವೇಗ ತಗ್ಗಿಸಲು ಮೊದಲು ಡಿಜಾಕ್ಸಿನ್, ಲಯ ಮರಳಿಸಲು ಮೇಲೆ ಕ್ವಿನಿಡಿನ್. ರೋಗಿಗೆ ಹೊಟ್ಟೆ ತೊಳೆಸಿದರೆ ಅನುಮಾನ ಕ್ವಿನಿಡಿನ್ ಮೇಲೆ ಬೀಳುತ್ತಿತ್ತು. ಅದಕ್ಕೂ ಹೊಟ್ಟೆ ಕೆಡಿಸುವ ಗುಣವಿದೆ. ಬಡಿತ ಕೆಟ್ಟರೆ ದೂರು ಮೂಲ ಕಾಯಿಲೆಯ ಮೇಲೆ. ಡಿಜಾಕ್ಸಿನ್ ಮಾತ್ರ ಸಂಭಾವಿತನಂತೆ ತಪ್ಪಿಸಿಕೊಳ್ಳುತ್ತಿತ್ತು. ರಕ್ತದಲ್ಲಿ ಅದೆಷ್ಟಿದೆಯೆಂದು ಅಳೆಯುವ ಸುಲಭ ವಿಧಾನವೇ ಇರಲಿಲ್ಲ, ಲೆಕ್ಕ ನ್ಯಾನೋಗ್ರಾಂಗಳದ್ದು.

1969ರಲ್ಲಿ ಬಾಸ್ಟನ್ನಿನ ಥಾಮಸ್ ಸ್ಮಿತ್ ಮತ್ತು ಸಂಗಡಿಗರು ವಿಕಿರಣಶೀಲ ಗುರುತು ಬಳಸಿ ಅಳೆಯುವ ಪರೀಕ್ಷೆಯನ್ನು ರೋಗಿಗಳಲ್ಲಿ ಬಳಕೆಗೆ ತಂದರು. ಆಮೇಲೆ ಗುಟ್ಟು ಬಹಳ ದಿನ ಉಳಿಯಲಿಲ್ಲ. 1978ರಲ್ಲಿ ಸ್ವೀಡನ್ ಮತ್ತು ಅಮೆರಿಕದಿಂದ ವರದಿಗಳು ಬಂದವು. ಅಮೆರಿಕದ ತಂಡ ಗಮನಿಸಿದ 27 ರೋಗಿಗಳಲ್ಲಿ 25 ಮಂದಿಗೆ, ಕ್ವಿನಿಡಿನ್ ಸೇರಿದ ಮೇಲೆ, ಡಿಜಾಕ್ಸಿನ್ ಮಟ್ಟ ಏರಿತ್ತು. ಸರಾಸರಿಯಲ್ಲಿ ಅದು ಎರಡು ಪಟ್ಟು ದಾಟಿತ್ತು. ಡಿಜಾಕ್ಸಿನ್ ಪ್ರಮಾಣವನ್ನು ಅರ್ಧಕ್ಕಿಳಿಸುವ ರೂಢಿ ಬಂದದ್ದು ಇದರಿಂದ.

ಏಕೆ ಹೀಗೆ? ಉತ್ತರದ ಎಳೆ ಹೃದ್ರೋಗದ ಲ್ಯಾಬಿನಲ್ಲಿರಲಿಲ್ಲ. ಔಷಧಕ್ಕೆ ಬಗ್ಗದ ಜೀವಕೋಶಗಳನ್ನು ಪರೀಕ್ಷಿಸುತ್ತಿದ್ದ ರುಡಾಲ್ಫ್ ಜೂಲಿಯಾನೋ ಮತ್ತು ವಿಕ್ಟರ್ ಲಿಂಗ್ 1976ರಲ್ಲಿ ಪಿ-ಗ್ಲೈಕೋಪ್ರೋಟೀನ್ ಎಂಬ ಪ್ರೋಟೀನನ್ನು ವರ್ಣಿಸಿದ್ದರು. ಕರುಳು, ಮೂತ್ರಪಿಂಡಗಳಲ್ಲಿ ಇದು ಡಿಜಾಕ್ಸಿನನ್ನು ಹೊರದೂಡುವ ಪಂಪ್. ಕ್ವಿನಿಡಿನ್ ಅದನ್ನು ತಡೆಯುತ್ತದೆ ಎಂಬುದು 1990ರ ದಶಕದಲ್ಲಿ ಖಚಿತವಾಯಿತು.

ಇಂದು ಕ್ವಿನಿಡಿನ್ ಬಳಕೆ ತೀರ ಕಡಿಮೆ. ಆದರೆ ಹೃದಯದ ಇತರ ಔಷಧಗಳಾದ ವೆರಪಾಮಿಲ್, ಅಮಿಯೋಡರೋನ್ ಕೂಡ ಅದೇ ಪಂಪನ್ನು ತಡೆಯುತ್ತವೆ. ಅಮಿಯೋಡರೋನ್ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಕರಗುವುದರಿಂದ, ಮಾತ್ರೆ ನಿಲ್ಲಿಸಿದ ವಾರಗಳ ನಂತರವೂ ಡಿಜಾಕ್ಸಿನ್ ಮಟ್ಟದ ಮೇಲೆ ಕಣ್ಣಿಡಬೇಕಾಗುತ್ತದೆ.