ಭೂಪಟದಲ್ಲಿ ವೇದಾವತಿ

ಅಜ್ಜಂಪುರಕ್ಕೂ ತರೀಕೆರೆಗೂ ನಡುವೆ ನೆಲವು ಎತ್ತರವಾಗಿ ದಿಣ್ಣೆಯಂತೆ ಹಬ್ಬಿಕೊಂಡಿದೆ. ದಾರಿಹೋಕನ ಕಣ್ಣಿಗೆ ಅದು ಅಷ್ಟಾಗಿ ಬೀಳುವಂಥದಲ್ಲ. ಆದರೆ ಮಳೆಯ ಹನಿಗೆ ಅದೇ ದೊಡ್ಡ ಮೇರೆ. ಪಡುವಲಿಗೆ ಬಿದ್ದ ನೀರು ತರೀಕೆರೆಯ ಕಡೆಗಿಳಿದು ಭದ್ರೆಯನ್ನು ಸೇರುತ್ತದೆ. ಮೂಡಲಿಗೆ ಬಿದ್ದುದು ವೇದಾವತಿಯ ಪಾಲು. ಭದ್ರೆಯು ಕೂಡಲಿಯಲ್ಲಿ ತುಂಗೆಯೊಡನೆ ಬೆರೆತು ಬೇಗನೆ ಹೆಸರಾಂತ ಹೊಳೆಯಾಗುತ್ತಾಳೆ. ವೇದಾವತಿಯಾದರೋ ಕಡೂರು, ಹೊಸದುರ್ಗ, ಹಿರಿಯೂರು, ಚಳ್ಳಕೆರೆ ಸೀಮೆಗಳನ್ನು ಬಳಸಿಕೊಂಡು, ಆಂಧ್ರದ ರಾಯದುರ್ಗದ ಕಡೆಯಿಂದ ಹಾದು, ಮತ್ತೆ ಬಳ್ಳಾರಿಯ ನಾಡಿಗೆ ಬಂದು, ಸಿರುಗುಪ್ಪದ ಸೀಮೆಯಲ್ಲಿ ಅದೇ ತುಂಗಭದ್ರೆಯನ್ನು ಕೂಡುತ್ತಾಳೆ. ಒಂದೇ ಮೋಡದಿಂದ ಇಳಿದು ಒಂದೇ ದಿಣ್ಣೆಯ ಮೇಲೆ ಬೇರಾದ ಹನಿಗಳು ಹೀಗೆ ನೂರಾರು ಮೈಲಿಗಳಾಚೆ ಮತ್ತೆ ಒಂದಾಗುತ್ತವೆ ಎಂದು ಭೂಪಟವು ಹೇಳುತ್ತದೆ. ನೀರು ಆ ಮಾತನ್ನು ನಡೆಸಿಕೊಟ್ಟ ವರ್ಷಗಳು ವಿರಳ. ಕಡಲ ಕರೆಯ ಹೊಳೆಗಳಿಗೆ ದಿನಕ್ಕೆರಡು ಸಲ ಭರತವೂ ಇಳಿತವೂ ಉಂಟು. ಈ ಬಯಲುಸೀಮೆಯ ಹೊಳೆಗೆ ವರ್ಷಕ್ಕೊಂದು ಭರತ, ಅದೂ ಮಳೆರಾಯನು ಮನಸ್ಸು ಮಾಡಿದರೆ.

ಹೆಸರಿನಿಂದಲೇ ತೊಡಕು ಮೊದಲಾಗುತ್ತದೆ. ಚಂದ್ರದ್ರೋಣ ಪರ್ವತದ ಮೂಡಣ ಮಗ್ಗುಲಿನಲ್ಲಿ ವೇದಾ, ಅವತಿ ಎಂಬ ಎರಡು ತೊರೆಗಳು ಹುಟ್ಟಿ, ಕಡೂರಿನ ಬಳಿ ಕೂಡಿ, ವೇದಾವತಿ ಎನಿಸಿಕೊಳ್ಳುತ್ತವೆ ಎಂಬುದು ಗ್ರಂಥಗಳಲ್ಲಿ ನೆಲೆಗೊಂಡಿರುವ ವಿವರಣೆ. ಎರಡು ತೊರೆಗಳು ಸೇರಿ ಒಂದು ಹೆಸರಾಯಿತೋ, ಪುರಾಣದ ವೇದವತಿಯನ್ನು ನೆನೆದು ಇಟ್ಟ ಒಂದು ಹೆಸರನ್ನು ಒಡೆದು ಎರಡು ತೊರೆಗಳಿಗೆ ಹಂಚಿದರೋ, ಬಲ್ಲವರು ನಿರ್ಣಯಿಸಬೇಕು. ಕೆಳಗಿನ ಸೀಮೆಗಳಲ್ಲಿ ಇದೇ ಹೊಳೆಗೆ ಹಗರಿ ಎಂಬ ಹೆಸರು. ‘ಅಘಹರಿ’, ಅಂದರೆ ಪಾಪವನ್ನು ನೀಗುವವಳು, ಎಂದು ಅದಕ್ಕೆ ಅರ್ಥ ಹೇಳುವುದುಂಟು. ಜನರ ಬಾಯಲ್ಲಿದ್ದ ಒಂದು ಹಳೆಯ ಮಾತಿಗೆ ಪಂಡಿತರು ಮಡಿಯುಡಿಸಿದಂತೆ ಇದು ತೋರುತ್ತದೆ.

ಈ ಎರಡು ತೊರೆಗಳೂ ಬೆಟ್ಟವನ್ನಿಳಿದು ಹೊಳೆಯಾಗುವುದಕ್ಕೆ ಮೊದಲೇ ಕೆರೆಗಳಾಗುತ್ತವೆ. ಗೌರಿಹಳ್ಳದ ನೀರು ಸಖರಾಯಪಟ್ಟಣದ ಬಳಿ ಅಯ್ಯನಕೆರೆಯಲ್ಲಿ ನಿಲ್ಲುತ್ತದೆ. ಅವತಿಯ ನೀರು ಮದಗದ ಕೆರೆಯಲ್ಲಿ. ಅಯ್ಯನಕೆರೆಯನ್ನು ರುಕ್ಮಾಂಗದರಾಯನು ಕಟ್ಟಿಸಿದನೆಂದೂ, ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಅದರ ಜೀರ್ಣೋದ್ಧಾರವಾಯಿತೆಂದೂ ಹೇಳುತ್ತಾರೆ. ಅದರ ಏರಿಯ ಕಥೆ ಆ ಪ್ರಾಂತದಲ್ಲಿ ಪ್ರಸಿದ್ಧವಾದುದು. ಒಂದು ಮಳೆಗಾಲದ ರಾತ್ರಿ ಕೆರೆಯ ದೇವತೆ ಕಾವಲುಗಾರನಿಗೆ ಕಾಣಿಸಿಕೊಂಡು, ಏರಿಯನ್ನು ಒಡೆದುಕೊಂಡು ಹೋಗುವೆನೆಂದಳು. ತಾನು ಅರಸನಿಗೆ ತಿಳಿಸಿ ಹಿಂದಿರುಗುವವರೆಗೂ ತಡೆಯಬೇಕೆಂದು ಅವನು ಬೇಡಿದನು, ಅವಳು ಒಪ್ಪಿದಳು. ಸುದ್ದಿಯನ್ನು ಕೇಳಿದ ಅರಸನು, ಇವನು ಹಿಂದಿರುಗದಿದ್ದರೆ ಏರಿಯೂ ಒಡೆಯದು ಎಂದು ಎಣಿಸಿ, ಅಲ್ಲಿಯೇ ಅವನ ತಲೆಯನ್ನು ತೆಗೆಸಿದನು. ದೇವತೆ ಇಂದಿಗೂ ಕಾಯುತ್ತಿದ್ದಾಳೆ. ಕಥೆ ನಿಜವಾಗಿರಬೇಕಾದುದಿಲ್ಲ. ಆದರೆ ಹೊಳೆಯನ್ನು ಹರಿಯಗೊಡದೆ ನಿಲ್ಲಿಸಿಕೊಳ್ಳುವುದು ಈ ನಾಡಿನಲ್ಲಿ ಎಂಥ ಬೆಲೆಯ ಕೆಲಸವಾಗಿತ್ತೆಂಬುದಕ್ಕೆ ಶಾಸನಕ್ಕಿಂತಲೂ ಇದು ಒಳ್ಳೆಯ ಸಾಕ್ಷಿ.

ಪಾಶ್ಚಾತ್ಯ ಮೋಜಣಿದಾರರು ಇಲ್ಲಿಗೆ ಬಂದುದು ಶ್ರೀರಂಗಪಟ್ಟಣವು ಬಿದ್ದ 1799ರ ಅನಂತರ. ಅದಕ್ಕೆ ಹಿಂದಿನ ಅವರ ಭೂಪಟಗಳಲ್ಲಿ ಮೈಸೂರಿನ ಒಳನಾಡು ಹೆಚ್ಚಾಗಿ ಸೈನ್ಯಗಳು ನಡೆದ ಹಾದಿಗಳಿಂದಲೇ ತಿಳಿದುದಾಗಿತ್ತು; ದಂಡು ದಾಟದ ಹೊಳೆ ಕಾಗದದ ಮೇಲೆ ಹರಿಯುತ್ತಿರಲಿಲ್ಲವೆಂದರೂ ಸಲ್ಲುತ್ತದೆ. ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯ ಮೋಜಣಿಯನ್ನು ಕೈಕೊಂಡು, ನೆಲವನ್ನು ಅಳೆಯಿಸಿದುದಲ್ಲದೆ, ಕಾವಲಿ ಬೋರಯ್ಯ, ಲಕ್ಷ್ಮಯ್ಯ ಮೊದಲಾದ ಸಹಾಯಕರಿಂದ ಊರೂರಿನ ಕೈಫಿಯತ್ತುಗಳನ್ನೂ ಕೂಡಿಸಿದನು. ಫ್ರಾನ್ಸಿಸ್ ಬುಕಾನನನು 1801ರಲ್ಲಿ ಇಕ್ಕೇರಿ, ಚಿತ್ರದುರ್ಗಗಳ ಸೀಮೆಯನ್ನು ಹಾದು ವೇದಾವತಿಯ ದಡದ ಹಿರಿಯೂರಿಗೆ ಬಂದನು. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಒಂದು ಅಧ್ಯಾಯವು ಅಲ್ಲಿ ಮುಗಿದು ಮುಂದಿನದು ಅಲ್ಲಿಂದಲೇ ಮೊದಲಾಗುತ್ತದೆ. ಮುಂದೆ ಬೆಂಜಮಿನ್ ಲೂಯಿ ರೈಸರ ಮೈಸೂರು ಗೆಜೆಟಿಯರು, ಮೊದಲು 1877ರಲ್ಲಿ, ತಿದ್ದಿ 1897ರಲ್ಲಿ, ಹೊರಬಂದಿತು. ತೊರೆಗಳ ಹೆಸರು, ಕೆರೆಗಳ ಐತಿಹ್ಯ, ಹಗರಿಯ ಅರ್ಥ, ಎಲ್ಲವೂ ಅಲ್ಲಿ ಒಂದೆಡೆ ದೊರೆಯುತ್ತವೆ. ಅನಂತರದವರು ಬಹುಮಟ್ಟಿಗೆ ಅವರನ್ನೇ ಅನುಸರಿಸಿದ್ದಾರೆ.

ಇವೆಲ್ಲಕ್ಕೂ ಒಂದು ಕೊರತೆ ಸಮಾನವಾದುದು. ಭೂಪಟದ ಮೇಲೆ ಹೊಳೆಯೆಂದರೆ ಎಡೆಬಿಡದ ಒಂದು ಗೆರೆ; ನೆಲದ ಮೇಲಾದರೋ ವೇದಾವತಿಯು ಕೆರೆ, ಕೋಡಿ, ಮರಳು, ಮತ್ತೆ ಕೆರೆ. 1860ರ ದಶಕದಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯು, ಈ ಸಂಸ್ಥಾನದಲ್ಲಿ ಹೊಸ ಕೆರೆಗೆ ಜಾಗ ಹುಡುಕಬೇಕಾದರೆ ವಿಶೇಷ ಜಾಣ್ಮೆಯೇ ಬೇಕೆಂಬ ಭಾವದ ಮಾತನ್ನು ಬರೆದನು. ಮೇಲಿನ ಊರು ಹಿಡಿದು ಮಿಕ್ಕಿದುದೇ ಕೆಳಗಿನ ಊರಿನ ಹೊಳೆ.

ಗೆರೆಯನ್ನು ನಂಬಿ ಕರಾರುಗಳೂ ಆದುವು. 1892ರಲ್ಲಿ ಮದರಾಸಿಗೂ ಮೈಸೂರಿಗೂ ನಡೆದ ಒಡಂಬಡಿಕೆಯಲ್ಲಿ, ಮದರಾಸಿನ ಒಪ್ಪಿಗೆಯಿಲ್ಲದೆ ಹೊಸ ನೀರಾವರಿ ಜಲಾಶಯ ಕಟ್ಟಕೂಡದ 15 ಮುಖ್ಯ ನದಿಗಳ ಪಟ್ಟಿಯಿದೆ. ಅದರಲ್ಲಿ ತುಂಗಭದ್ರಾ, ತುಂಗಾ, ಭದ್ರಾ ಎಂದು ಒಂದೊಂದೇ ಹೆಸರಿನಿಂದ ಕರೆದು, ಇವಳನ್ನು ‘ಹಗರಿ ಅಥವಾ ವೇದಾವತಿ’ ಎಂದು ಬರೆದಿದ್ದಾರೆ. ಕೆಳಗಿನವರು ಬಲ್ಲ ಹೆಸರು ಮೊದಲು, ತವರಿನ ಹೆಸರು ಆಮೇಲೆ!

1898ರಲ್ಲಿ ಹಿರಿಯೂರಿನ ಬಳಿ ಮಾರಿಕಣಿವೆಯ ಕಟ್ಟೆಯ ಕೆಲಸ ಮೊದಲಾಗಿ 1907ರಲ್ಲಿ ಮುಗಿಯಿತು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿಯವರ ಹೆಸರಿನಿಂದ ಅದು ವಾಣಿವಿಲಾಸ ಸಾಗರವಾಯಿತು. ಸುಮಾರು 2000 ಚದರ ಮೈಲಿಗಳ ನೆಲದ ನೀರು ಬರಬೇಕಾದ, 30 ಟಿ.ಎಂ.ಸಿ. ಹಿಡಿಯಬಲ್ಲ ಜಲಾಶಯ. ಪೂರ್ಣ ಮಟ್ಟವು 130 ಅಡಿ. ಅದು ತುಂಬಿ ಕೋಡಿ ಬಿದ್ದುದು 1933ರಲ್ಲಿ. ಮತ್ತೊಮ್ಮೆ ಕೋಡಿ ಬೀಳಲು 89 ವರ್ಷಗಳು ಹಿಡಿದುವು. ಈ ಸೀಮೆಯ ಮಳೆ ಅಲ್ಪ, ಮೇಲಿನ ಕೆರೆಗಳು ಅನೇಕ. ಚದರ ಮೈಲಿಗಳ ಲೆಕ್ಕವೊಂದೇ ಜಲಾಶಯವನ್ನು ತುಂಬಲಾರದು. ಕಡೂರಿನವರು ತಮ್ಮ ಕೆರೆಗಾಗಿಯೂ ಹಿರಿಯೂರಿನವರು ತಮ್ಮ ಸಾಗರಕ್ಕಾಗಿಯೂ ಒಂದೇ ಮೋಡದ ಕಡೆಗೆ ನೋಡಬೇಕಾಗಿ ಬಂದಿತು.

ಕೃಷ್ಣಾ ಜಲವಿವಾದದ ನ್ಯಾಯಾಧಿಕರಣವು 1973ರ ತನ್ನ ವರದಿಯಲ್ಲಿ ಇಡೀ ಕೃಷ್ಣೆಯ ಜಲಾನಯನವನ್ನು ಉಪಭಾಗಗಳನ್ನಾಗಿ ಎಣಿಸಿದಾಗ, ತುಂಗಭದ್ರೆಯದು ‘ಕೆ-8’ ಎಂದಾಯಿತು, ವೇದಾವತಿಯದು ‘ಕೆ-9’. ತರೀಕೆರೆ ಅಜ್ಜಂಪುರಗಳ ನಡುವಣ ದಿಣ್ಣೆಯು ಹೀಗೆ ಎರಡು ಅಂಕಿಗಳ ಗಡಿಯೂ ಆಯಿತು.

ಆ ಗಡಿಯನ್ನೀಗ ಕೊರೆದಿದ್ದಾರೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯ ನೀರನ್ನು ತರೀಕೆರೆಯ ಸೀಮೆಯ ಶಾಂತಿಪುರ, ಬೆಟ್ಟದತಾವರೆಕೆರೆಗಳಲ್ಲಿ ಯಂತ್ರಗಳಿಂದ ಮೇಲೆತ್ತಿ, ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರು ಉದ್ದದ ಸುರಂಗದ ಮೂಲಕ ದಿಣ್ಣೆಯ ಮೂಡಣಕ್ಕೆ ತರುತ್ತಾರೆ. 2019ರಲ್ಲಿ ಆ ನೀರನ್ನು ಮೊದಲ ಸಲ ಹಳ್ಳದ ಹಾದಿಯಾಗಿ ವೇದಾವತಿಗೆ ಬಿಟ್ಟು ವಾಣಿವಿಲಾಸ ಸಾಗರಕ್ಕೆ ಹರಿಸಿದರು. 2022ರಲ್ಲಿ ಮಳೆಯೂ ಒದಗಿ ಬಂದು ಸಾಗರವು ಕೋಡಿ ಬಿದ್ದಿತು. 2025ರ ಜನವರಿಯಲ್ಲಿ ಮತ್ತೊಮ್ಮೆ. ಕೋಡಿಯನ್ನು ದಾಟಿ ಹಿರಿಯೂರಿನ ಕಡೆಗೆ ಹರಿದ ಆ ನೀರಿನಲ್ಲಿ ಎಷ್ಟು ಬೊಗಸೆ ಅಯ್ಯನಕೆರೆಯದು, ಎಷ್ಟು ತರೀಕೆರೆಯ ದಿಣ್ಣೆಯನ್ನು ಹತ್ತಿ ಬಂದುದು ಎಂಬುದನ್ನು ತೋರಿಸುವ ಗೆರೆ ಯಾವ ಭೂಪಟದಲ್ಲಿಯೂ ಇಲ್ಲ.