ಬಕೆಟ್ಟಿನಲ್ಲಿ ನಲವತ್ತು ದಿನ

ನಮ್ಮ ಬಾಲ್ಕನಿಯ ಮೂಲೆಯಲ್ಲಿ ಒಂದು ಬಿಳಿ ಬಕೆಟ್ಟು ಕೂತಿದೆ. ಮುಕ್ಕಾಲು ಭಾಗ ನೀರು, ನೀರಿನಲ್ಲಿ ಒಂದು ಹಿಡಿ ವ್ಯಾಲಿಸ್ನೇರಿಯಾ. ರಿಬ್ಬನ್ನಿನಂತೆ ಉದ್ದಕ್ಕೆ ಬೆಳೆಯುವ ಎಲೆಗಳ ಈ ಗಿಡವನ್ನು ಮನೆಯಲ್ಲಿ ಅಕ್ವೇರಿಯಂ ಇಟ್ಟವರು ಒಂದಲ್ಲ ಒಂದು ಸಲ ತಂದೇ ಇರುತ್ತಾರೆ. ಬಕೆಟ್ಟಿನ ಬಾಯಿಗೆ ಹಳೆಯ ಸೊಳ್ಳೆಪರದೆಯ ತುಂಡು ಕಟ್ಟಿದ್ದೇನೆ. ಇಲ್ಲವಾದರೆ ಡೆಂಗಿ ಸಮೀಕ್ಷೆಗೆ ಬರುವವರ ಕೈಲಿ ಬೈಸಿಕೊಳ್ಳಬೇಕಾಗುತ್ತದೆ. ಪಕ್ಕದ ಗೋಡೆಯ ಮೇಲೆ ಗಿಡ ತಂದ ತಾರೀಕನ್ನು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ. ಮೊನ್ನೆ ಬಂದ ಪಕ್ಕದ ಮನೆಯವರು ಇದನ್ನು ನೋಡಿ, "ಗಿಡಕ್ಕೂ ಕ್ವಾರಂಟೈನಾ ಸಾರ್?" ಎಂದು ನಕ್ಕರು. ನಾನೂ ನಕ್ಕೆ. ಸರಿಯಾಗಿ ಉತ್ತರ ಹೇಳುವುದಾದರೆ ಎರಡು ವರ್ಷದ ಹಿಂದಿನ ಕತೆಯಿಂದ ಶುರು ಮಾಡಬೇಕಿತ್ತು.

ಆಗ ಇದೇ ಗಿಡದ ಒಂದು ಕಟ್ಟು ತಂದವನು ನಲ್ಲಿಯ ಕೆಳಗೆ ಹಿಡಿದು ತೊಳೆದು, ನೇರವಾಗಿ ತೊಟ್ಟಿಯಲ್ಲಿ ನೆಟ್ಟಿದ್ದೆ. ಎಲೆಯ ಹಿಂಬದಿಗೆ ಸಬ್ಬಕ್ಕಿ ಗಂಜಿಯ ಹನಿಯಂಥ ಲೋಳೆಯೊಂದು ಅಂಟಿದ್ದು ಕಣ್ಣಿಗೆ ಬಿದ್ದಿತ್ತು. ಏನೋ ಗಲೀಜು ಎಂದುಕೊಂಡೆ. ಅದು ಬಸವನಹುಳುವಿನ ಮೊಟ್ಟೆ. ಎರಡು ತಿಂಗಳು ಕಳೆಯುವುದರೊಳಗೆ ಗಾಜಿನ ತುಂಬ ಹುಳುಗಳು. ಅದೇ ತೊಟ್ಟಿಯಲ್ಲಿ ಮಗಳು ಸಾಕಿದ್ದ ಕೆಂಪು ಚೆರ್ರಿ ಸಿಗಡಿಗಳಿದ್ದವು. ಹನ್ನೆರಡರಿಂದ ಶುರುವಾಗಿ ಎಣಿಸಲಾಗದಷ್ಟಾಗಿದ್ದವು. ಆದರೂ ಅವಳು ದಿನಾ ಸಂಜೆ ಎಣಿಸುತ್ತಿದ್ದಳು. ಗಾಜು ಕೊಳಕಾಗಿ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ನಾನು ಹುಳು ಕೊಲ್ಲುವ ಔಷಧಿ ತಂದು ಸುರಿದೆ. ಮಾರನೆಯ ಬೆಳಿಗ್ಗೆ ಹುಳುಗಳೂ ಸತ್ತಿದ್ದವು, ಸಿಗಡಿಗಳೂ.

ಸೀಸೆಯ ಮೇಲೆ ಸಣ್ಣಕ್ಷರದಲ್ಲಿ ಕಾಪರ್ ಸಲ್ಫೇಟ್ ಎಂದಿತ್ತು. ಅಂದರೆ ನಮ್ಮೂರ ಮೈಲುತುತ್ತ. ಕೊಳೆರೋಗ ಬಾರದಿರಲಿ ಎಂದು ಸುಣ್ಣದ ಜೊತೆ ಬೆರೆಸಿ ಅಡಿಕೆ ಗೊನೆಗೆ ಹೊಡೆಯುವ ಅದೇ ನೀಲಿ ಹರಳು. ಔಷಧಿ ಹೊಡೆದ ದಿನ ಹಳ್ಳದ ನೀರಿನಲ್ಲಿ ಡ್ರಮ್ಮು ತೊಳೆಯಬೇಡಿ, ಏಡಿ ಸಿಗಡಿ ಸಾಯುತ್ತವೆ ಎಂದು ಅಜ್ಜ ಕೂಗುತ್ತಿದ್ದುದನ್ನು ಕೇಳಿಯೇ ಬೆಳೆದವನು ನಾನು. ಮಗಳು ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ಓದಲು ಕೂತೆ. ಮೊದಲು ಸಿಕ್ಕ ಸಂಗತಿಯೇ ನನ್ನನ್ನು ಪೆಚ್ಚಾಗಿಸಿತು. ನಾನು ವಿಷ ಹಾಕಿ ಕೊಂದ ಬಸವನಹುಳು ಅಕ್ವೇರಿಯಂನ ಸ್ಥಾಪಕ ಸದಸ್ಯ!

ರಾಬರ್ಟ್ ವಾರಿಂಗ್ಟನ್ ಲಂಡನ್ನಿನ ಅಪೋಥಿಕರೀಸ್ ಹಾಲ್‌ನಲ್ಲಿ ಕೆಲಸಕ್ಕಿದ್ದ ರಸಾಯನಶಾಸ್ತ್ರಜ್ಞ. 1849ರಲ್ಲಿ ಅವನು ಹನ್ನೆರಡು ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯೊಂದರಲ್ಲಿ ನೀರು ತುಂಬಿ, ತಳಕ್ಕೆ ಮರಳು ಕೆಸರು ಹಾಕಿ, ಎರಡು ಪುಟ್ಟ ಗೋಲ್ಡ್‌ಫಿಶ್ ಬಿಟ್ಟು, ಒಂದು ಗಿಡ ನೆಟ್ಟ. ಯಾವ ಗಿಡ ಅಂತೀರಿ? ವ್ಯಾಲಿಸ್ನೇರಿಯಾ. ಪಾತ್ರೆಯ ಬಾಯಿಗೆ ತೆಳುವಾದ ಮಸ್ಲಿನ್ ಬಟ್ಟೆ. (ನನ್ನ ಸೊಳ್ಳೆಪರದೆಗೂ ಹೀಗೊಂದು ಮನೆತನವಿದೆ.) ಮೀನು ಉಸಿರಾಡಿ ಬಿಟ್ಟದ್ದನ್ನು ಗಿಡ ಬಳಸಿಕೊಳ್ಳುತ್ತದೆ, ಗಿಡ ಕೊಡುವ ಆಮ್ಲಜನಕ ಮೀನಿಗಾಗುತ್ತದೆ, ಹಾಗಾಗಿ ನೀರು ಬದಲಿಸುವ ಅಗತ್ಯವೇ ಬೀಳುವುದಿಲ್ಲ ಎಂಬುದು ಅವನ ಲೆಕ್ಕ. ಲೆಕ್ಕ ಸ್ವಲ್ಪ ತಪ್ಪಿತು. ಹಳೆಯ ಎಲೆಗಳು ಕೊಳೆತು ನೀರು ಕದಡಿತು, ಪಾಚಿ ಹತ್ತಿತು. ಆಗ ವಾರಿಂಗ್ಟನ್ ಐದಾರು ಕೊಳದ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ನೀರು ತಿಳಿಯಾಯಿತು. ಅವು ಇಟ್ಟ ಮೊಟ್ಟೆಗಳು ಮೀನಿಗೆ ಆಹಾರವಾದವು. 1850ರಲ್ಲಿ ಅವನು ಕೆಮಿಕಲ್ ಸೊಸೈಟಿಯ ಮುಂದೆ ಇದನ್ನು ವಿವರಿಸಿದ. ಮೂರು ವರ್ಷದಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು, 1854ರಲ್ಲಿ ಫಿಲಿಪ್ ಗಾಸ್‌ನ 'ದಿ ಅಕ್ವೇರಿಯಂ' ಪುಸ್ತಕ ಬಂತು, ಇಂಗ್ಲೆಂಡಿನ ನಡುಮನೆಗಳಿಗೆ ಗಾಜಿನ ತೊಟ್ಟಿಯ ಹುಚ್ಚು ಹತ್ತಿತು.

ಹಾಗಾದರೆ ಹುಳುವಿನದು ತಪ್ಪಲ್ಲ. ವಾರಿಂಗ್ಟನ್ ನೋಡಿ ಆರಿಸಿ ಬಿಟ್ಟದ್ದನ್ನು ನಾನು ನೋಡದೆ ಒಳಗೆ ಬಿಟ್ಟುಕೊಂಡಿದ್ದೆ. ವ್ಯತ್ಯಾಸ ಇಷ್ಟೇ. ಆದರೆ ಈ 'ಇಷ್ಟೇ'ಯನ್ನು ಅರ್ಥ ಮಾಡಿಕೊಳ್ಳಲು ಗಿಡಗಳನ್ನು ದೇಶದಿಂದ ದೇಶಕ್ಕೆ ಸಾಗಿಸಿದವರಿಗೆ ಬಹಳ ಕಾಲ ಹಿಡಿಯಿತು.

ವಾರಿಂಗ್ಟನ್‌ಗಿಂತ ಇಪ್ಪತ್ತು ವರ್ಷ ಮೊದಲು ಅದೇ ಲಂಡನ್ನಿನಲ್ಲಿ ನಥಾನಿಯಲ್ ವಾರ್ಡ್ ಎಂಬ ವೈದ್ಯ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನ ಜೊತೆ ಬಾಟಲಿಯಲ್ಲಿಟ್ಟು ಮುಚ್ಚಿದ್ದ. ಮಣ್ಣಿನಿಂದ ಒಂದು ಜರಿಗಿಡ, ಒಂದು ಹುಲ್ಲು ತಾನಾಗಿ ಎದ್ದವು. ಹೊಗೆ ತುಂಬಿದ ಆ ಊರಿನಲ್ಲಿ ಎಷ್ಟು ಪಾಡುಪಟ್ಟರೂ ಅವನ ಜರಿಗಿಡಗಳು ಬದುಕುತ್ತಿರಲಿಲ್ಲ. ಮುಚ್ಚಿದ ಗಾಜಿನೊಳಗೆ ಬದುಕಿದವು. ಈ ಬಾಟಲಿಯೇ ಮುಂದೆ ಮರದ ಚೌಕಟ್ಟಿನ ಗಾಜಿನ ಪೆಟ್ಟಿಗೆಯಾಗಿ 1833ರಲ್ಲಿ ಹಡಗೇರಿ ಸಿಡ್ನಿ ತಲುಪಿತು. ಚೀನಾದ ಚಹಾ ಗಿಡ ಹಿಮಾಲಯದ ತಪ್ಪಲಿಗೆ ಬಂದದ್ದು ಇಂಥ ಪೆಟ್ಟಿಗೆಗಳಲ್ಲಿ. ಗಿಡದ ಜೊತೆ ಪೆಟ್ಟಿಗೆಯಲ್ಲಿ ಮಣ್ಣೂ ಬರುತ್ತಿತ್ತು. ಕರೆಯದೆ ಎದ್ದ ಜರಿಗಿಡದಿಂದಲೇ ಹುಟ್ಟಿದ ಪೆಟ್ಟಿಗೆ ಅದು. ಮಣ್ಣಿನಲ್ಲಿ ಇನ್ನೇನೇನು ಕೂತಿರಬಹುದು ಎಂಬ ಪ್ರಶ್ನೆ ಆಗ ಯಾರ ನಿದ್ದೆಯನ್ನೂ ಕೆಡಿಸಿದಂತೆ ಕಾಣುವುದಿಲ್ಲ.

ನೀರಿನ ಗಿಡಗಳ ವಿಷಯದಲ್ಲಿ ನನಗೆ ಮರೆಯಲಾಗದ್ದು ಕೇಂಬ್ರಿಜ್‌ನ ಪ್ರಸಂಗ. ಉತ್ತರ ಅಮೆರಿಕದ ಎಲೋಡಿಯಾ ಎಂಬ ನೀರುಗಿಡ 1842ರಲ್ಲಿ ಸ್ಕಾಟ್ಲೆಂಡಿನ ಒಂದು ಕೆರೆಯಲ್ಲಿ ಕಾಣಿಸಿಕೊಂಡಿತ್ತು. ಕೆಲವು ವರ್ಷಗಳ ನಂತರ ಸಸ್ಯವಿಜ್ಞಾನಿ ಚಾರ್ಲ್ಸ್ ಬ್ಯಾಬಿಂಗ್ಟನ್ ಅದರ ತುಂಡೊಂದನ್ನು ತರಿಸಿ ಕೇಂಬ್ರಿಜ್‌ನ ಸಸ್ಯತೋಟಕ್ಕೆ ಕೊಟ್ಟ. ಅಲ್ಲಿಂದ ಅದು ಕ್ಯಾಮ್ ನದಿಗಿಳಿಯಿತು. ಬ್ರಿಟನ್ನಿಗೆ ಬಂದದ್ದು ಹೆಚ್ಚುಕಡಿಮೆ ಹೆಣ್ಣುಗಿಡ ಮಾತ್ರ, ಆದ್ದರಿಂದ ಬೀಜದ ಮಾತಿಲ್ಲ. ಆದರೆ ತುಂಡಾದ ಚೂರು ಚೂರೂ ಹೊಸ ಗಿಡ. ಕೆಲವೇ ವರ್ಷದಲ್ಲಿ ದೋಣಿಯ ಹುಟ್ಟು ಸಿಕ್ಕಿಕೊಳ್ಳತೊಡಗಿತು, ಈಜುವವರು ತೊಡರಿಕೊಂಡರು, ಸರಕಿನ ದೋಣಿ ಎಳೆಯಲು ಹೆಚ್ಚಿನ ಕುದುರೆ ಕಟ್ಟಬೇಕಾಯಿತು. ಜನ ಅದಕ್ಕೆ 'ಬ್ಯಾಬಿಂಗ್ಟನ್‌ನ ಶಾಪ' ಎಂದು ಹೆಸರಿಟ್ಟರು. ಪಾಪ, ಇಡೀ ಆಯುಷ್ಯ ಗಿಡಗಳಿಗೆ ಹೆಸರಿಡುತ್ತ ಕಳೆದ ಮನುಷ್ಯ! ನಮ್ಮ ಕೆರೆಗಳನ್ನು ಮುಚ್ಚಿಹಾಕಿರುವ ನೇರಳೆ ಹೂವಿನ ವಾಟರ್ ಹಯಾಸಿಂತ್ ಕೂಡ ದಕ್ಷಿಣ ಅಮೆರಿಕದ್ದು. ಅದನ್ನೂ ದೇಶದೇಶಗಳಿಗೆ ಹೊತ್ತವರು ಹೂವಿನ ಚೆಲುವಿಗೆ ಸೋತವರೇ.

ಬಾಗಿಲಲ್ಲಿ ತಡೆದು ನೋಡುವ ರಾಷ್ಟ್ರಮಟ್ಟದ ಕಾನೂನು ಅಮೆರಿಕಕ್ಕೂ ಭಾರತಕ್ಕೂ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. 1909ರ ಕೊನೆಗೆ ಟೋಕಿಯೋ ನಗರ ಅಮೆರಿಕಕ್ಕೆ 2000 ಚೆರ್ರಿ ಸಸಿಗಳನ್ನು ಉಡುಗೊರೆ ಕಳಿಸಿತು. ಸಿಯಾಟಲ್ ಬಂದರಿನಲ್ಲಿ ಇಳಿದು ವಾಷಿಂಗ್ಟನ್ ತಲುಪಿದ ಸಸಿಗಳನ್ನು ಪರೀಕ್ಷಿಸಿದ ಕೃಷಿ ಇಲಾಖೆಯವರಿಗೆ ಕೀಟಗಳೂ ಬೇರು ತಿನ್ನುವ ಜಂತುಗಳೂ ಕಂಡವು. ಮಿತ್ರದೇಶದ ಉಡುಗೊರೆ, ಏನು ಮಾಡುವುದು? ಅಧ್ಯಕ್ಷ ಟಾಫ್ಟ್ ಒಪ್ಪಿಗೆ ಕೊಟ್ಟ ಮೇಲೆ 1910ರ ಜನವರಿ 28ರಂದು ಎಲ್ಲವನ್ನೂ ಸುಟ್ಟರು. ಜಪಾನ್ ಮುನಿಸಿಕೊಳ್ಳಲಿಲ್ಲ, 1912ರಲ್ಲಿ 3020 ಆರೋಗ್ಯವಂತ ಸಸಿಗಳನ್ನು ಮತ್ತೆ ಕಳಿಸಿತು. ಅದೇ ಆಗಸ್ಟಿನಲ್ಲಿ ಅಮೆರಿಕ ಸಸ್ಯ ಕ್ವಾರಂಟೈನ್ ಕಾಯಿದೆ ಮಾಡಿತು. ಭಾರತದಲ್ಲಿ 1914ರಲ್ಲಿ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯಿದೆ ಬಂತು.

ಕಾಯಿದೆಗಳಿದ್ದರೂ ಕಣ್ಣು ತಪ್ಪುತ್ತದೆ. 2021ರ ಫೆಬ್ರವರಿಯಲ್ಲಿ, ಅದೇ ಸಿಯಾಟಲ್‌ನ ಅಂಗಡಿಯೊಂದರ ಕೆಲಸಗಾರರು ಅಕ್ವೇರಿಯಂಗೆಂದು ಮಾರುವ ಪಾಚಿಯುಂಡೆಯೊಳಗೆ ಝೀಬ್ರಾ ಮಸೆಲ್ ಎಂಬ ಪುಟ್ಟ ಚಿಪ್ಪುಜೀವಿಯನ್ನು ಕಂಡರು. ನೀರಿನ ಕೊಳವೆಗಳೊಳಗೆ ಗುಂಪುಕಟ್ಟಿ ಅಂಟಿಕೊಂಡು ಅವನ್ನೇ ಮುಚ್ಚಿಬಿಡುವ ಜೀವಿ ಅದು. ಹುಡುಕಿದಂತೆ ಹಲವು ರಾಜ್ಯಗಳ ಅಂಗಡಿಗಳಲ್ಲಿ ಸಿಕ್ಕಿತು. ಉಂಡೆಗಳು ಬಂದದ್ದು ಉಕ್ರೇನಿನಿಂದ. ಕೊಂಡವರು ಅವನ್ನು ಕುದಿಸಿ ಅಥವಾ ಫ್ರೀಜರ್‌ನಲ್ಲಿಟ್ಟು ಕೊಂದು ಕಸಕ್ಕೆ ಹಾಕಬೇಕೆಂದು ಸರ್ಕಾರ ಹೇಳಿತು. ಚರಂಡಿಗೆ ಸುರಿಯುವಂತಿರಲಿಲ್ಲ.

ಬಕೆಟ್ಟಿಗೆ ಬರೋಣ. ಗಿಡವನ್ನು ಬ್ಲೀಚಿನಲ್ಲಿ ಅದ್ದಿ ಎರಡು ನಿಮಿಷದಲ್ಲಿ ಕೆಲಸ ಮುಗಿಸುವವರಿದ್ದಾರೆ. ವ್ಯಾಲಿಸ್ನೇರಿಯಾದ ತೆಳು ಎಲೆ ಅದನ್ನು ತಾಳುವುದಿಲ್ಲ. ಪಟಿಕದ ನೀರಿನಲ್ಲಿ ನೆನೆಸುವವರೂ ಇದ್ದಾರೆ. ನನಗೆ ನಂಬಿಕೆ ಇರುವುದು ಕಾಯುವುದರಲ್ಲಿ. ಮೀನಿನ ಮೈಮೇಲೆ ರವೆ ಉದುರಿಸಿದಂತೆ ಬರುವ ಬಿಳಿಚುಕ್ಕೆ ರೋಗದ ಪರಾವಲಂಬಿ ಗಿಡಕ್ಕೆ ಅಂಟಿ ಬಂದರೂ, ಮೀನೇ ಇಲ್ಲದ ಬೆಚ್ಚನೆಯ ನೀರಿನಲ್ಲಿ ಅದು ಒಂದೆರಡು ವಾರದಲ್ಲಿ ಆಸರೆ ಸಿಗದೆ ಸಾಯುತ್ತದೆ. ಬಸವನಹುಳುವಿನ ಮೊಟ್ಟೆ ಒಡೆಯಲು, ಮರಿ ಕಣ್ಣಿಗೆ ಕಾಣುವಷ್ಟಾಗಲು ಮೂರು ನಾಲ್ಕು ವಾರ ಬೇಕು. ನರ್ಸರಿಯಲ್ಲಿ ಹೊಡೆದ ಕೀಟನಾಶಕ ಉಳಿದಿದ್ದರೆ ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸುತ್ತ ಹೋದಂತೆ ಕಡಿಮೆಯಾಗುತ್ತದೆ. ಬಕೆಟ್ಟು ಮಾತ್ರ ಹೊಸದಿರಬೇಕು. ಬಟ್ಟೆ ನೆನೆಸಿದ್ದರಲ್ಲಿ ಸೋಪಿನ ಅಂಶ ಉಳಿದಿರುತ್ತದೆ. ಈ ಮಾತನ್ನು ಹೆಂಡತಿಗೆ ಒಪ್ಪಿಸುವುದೇ ಇಡೀ ಕೆಲಸದಲ್ಲಿ ಕಷ್ಟದ ಭಾಗವಾಗಿತ್ತು.

1377ರಲ್ಲಿ ಏಡ್ರಿಯಾಟಿಕ್ ತೀರದ ರಗೂಸಾ, ಅಂದರೆ ಇಂದಿನ ಡುಬ್ರೋವ್ನಿಕ್, ಪ್ಲೇಗಿನ ಊರುಗಳಿಂದ ಬಂದವರು ಮೂವತ್ತು ದಿನ ಹೊರಗೇ ಇರಬೇಕೆಂದು ವಿಧಿಸಿತ್ತು. ಮುಂದೆ ಅದು ನಲವತ್ತಾಯಿತು. ಇಟಲಿಯವರ ನಲವತ್ತರಿಂದಲೇ ಕ್ವಾರಂಟೈನ್ ಎಂಬ ಮಾತು ಬಂತು. ನಾನೂ ಸುಮ್ಮನೆ ನಲವತ್ತನ್ನೇ ಇಟ್ಟುಕೊಂಡೆ.

ಹತ್ತೊಂಬತ್ತನೆಯ ದಿನ ಮಗಳು ಪರದೆ ಸರಿಸಿ ಟಾರ್ಚ್ ಬಿಟ್ಟು ನೋಡುತ್ತಿದ್ದವಳು ಕೂಗಿದಳು, "ಅಪ್ಪಾ, ಬಾ ಇಲ್ಲಿ." ಬಕೆಟ್ಟಿನ ಗೋಡೆಯ ಮೇಲೆ ಸಾಸಿವೆಗಾತ್ರದ ಒಂದು ಬಸವನಹುಳು ಹತ್ತುತ್ತಿತ್ತು. "ಔಷಧಿ ಹಾಕ್ಬೇಡ," ಎಂದಳು, ನಾನು ಬಾಯಿ ತೆರೆಯುವ ಮೊದಲೇ. ಉಪ್ಪಿನಕಾಯಿಯ ಖಾಲಿ ಬಾಟಲಿಯನ್ನು ಚೆನ್ನಾಗಿ ತೊಳೆದು ನೀರು ತುಂಬಿದೆವು. ಒಂದು ಎಲೆಯ ತುಂಡು ಹಾಕಿ ಹುಳುವನ್ನು ಅದರೊಳಗೆ ಬಿಟ್ಟು ಅವಳ ಓದುವ ಮೇಜಿನ ಮೇಲಿಟ್ಟೆವು. ಆಮೇಲೆ ನಾನು ಉಳಿದ ಎಲೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ, ನೀರು ಬದಲಿಸಿದೆ, ಗೋಡೆಯ ಮೇಲಿನ ತಾರೀಕನ್ನು ಅಳಿಸಿ ಅವತ್ತಿನದನ್ನು ಬರೆದೆ.